ಬಾಲಚರರ ಬಾಗಿಲಲ್ಲಿ ನಿಂತ ಮಗು ಯಾರದು?

ಮೂರು ವರ್ಷಕ್ಕೊಮ್ಮೆ ಜಗತ್ತಿನ ಸ್ಕೌಟು ಚಳವಳಿಯ ಮುಂದಾಳುಗಳು ಒಂದು ಊರಿನಲ್ಲಿ ಸೇರಿ ಮಾತುಕತೆ ನಡೆಸುತ್ತಾರೆ. 2024ರ ಆಗಸ್ಟಿನಲ್ಲಿ ಈ ಸಮ್ಮೇಳನ ಈಜಿಪ್ಟಿನ ಕೈರೋ ನಗರದಲ್ಲಿ ಜರುಗಿತು. ಈ ಜಾಗತಿಕ ಸಂಘದಲ್ಲಿ 170ಕ್ಕೂ ಹೆಚ್ಚು ರಾಷ್ಟ್ರೀಯ ಸಂಸ್ಥೆಗಳಿವೆ. ಸದಸ್ಯರ ಸಂಖ್ಯೆ 5 ಕೋಟಿಯನ್ನು ಮೀರಿದೆ. ಗಿರಣಿಯಲ್ಲಿ ಪಾಳಿ ಮುಗಿಸಿ ಬಂದ ನೂಲುಗಾರನಿಗೂ, ಸಂತೆಯ ದಿನ ಕೈಬಿಡುವಿಲ್ಲದ ಕಿರಾಣಿ ಅಂಗಡಿಯವನಿಗೂ ಇದರಿಂದ ಏನಾಗಬೇಕು ಎಂದು ನಮ್ಮ ಓದುಗರು ಕೇಳಬಹುದು. ಆಗಬೇಕಾದುದು ಬಹಳ ಇದೆ ಎಂಬುದೇ ನಮ್ಮ ಅಭಿಪ್ರಾಯ. ಅಲ್ಲಿ ಚರ್ಚೆಯಾಗುವುದು ಮಕ್ಕಳ ವಿಷಯ. ಮಕ್ಕಳೆಂದರೆ ಯಾರ ಮಕ್ಕಳು ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ.

ಮೊದಲು ಈ ಮುಂದಾಳುಗಳು ಯಾರು ಎಂಬುದನ್ನು ತಿಳಿಯೋಣ. ಪ್ರಧಾನ ಕಚೇರಿಗಳಲ್ಲಿ ಸಂಬಳದ ಸಿಬ್ಬಂದಿ ಇದ್ದಾರೆ, ನಿಜ. ಆದರೆ ದಳವನ್ನು ನಡೆಸತಕ್ಕವರು, ಮಕ್ಕಳನ್ನು ಕರೆದುಕೊಂಡು ಬಯಲಿಗೆ ಹೋಗಿ ಮೂರು ಕಲ್ಲು ಹೂಡಿ ಅನ್ನ ಬೇಯಿಸುವುದನ್ನು ಕಲಿಸತಕ್ಕವರು, ಬಹುಮಟ್ಟಿಗೆ ಎಲ್ಲ ದೇಶಗಳಲ್ಲೂ ಸ್ವಯಂಸೇವಕರೇ. ಹಗಲು ಮಾಸ್ತರಿಕೆ, ಗುಮಾಸ್ತಿಕೆ, ಆಸ್ಪತ್ರೆಯ ದಾದಿಯ ಕೆಲಸ, ಬಸ್ಸು ಓಡಿಸುವ ಕೆಲಸ; ಸಂಜೆ ಮಕ್ಕಳ ಕೆಲಸ. ಇಂತಹವರನ್ನು ಮೇಲಿನಿಂದ ಹುಕುಂ ಕೊಟ್ಟು ನಡೆಸಲಾಗದು. ಸಂಬಳವನ್ನೇ ಕೊಡದವನು ಸಂಬಳ ಕಡಿಯುತ್ತೇನೆಂದು ಹೆದರಿಸುವುದಾದರೂ ಹೇಗೆ? ಅವರಿಗೆ ಮನವರಿಕೆಯಾಗಬೇಕು. ಒಂದು ದೇಶದ ದಳನಾಯಕ ಇನ್ನೊಂದು ದೇಶದ ದಳನಾಯಕನಿಂದ ಕೇಳಿ ತಿಳಿದು, ತನ್ನ ಊರಿಗೆ ಹೋಗಿ ಮಾಡಿ ನೋಡಿ, ಸರಿಬಂದುದನ್ನು ಉಳಿಸಿಕೊಳ್ಳಬೇಕು. ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದುದು ಇದನ್ನೇ. ಆದುದರಿಂದ ಈ ಚಳವಳಿಯಲ್ಲಿ ಅಭಿಪ್ರಾಯ ವಿನಿಮಯ ಎಂಬುದು ಸಮಾರಂಭದ ಶೋಭೆಗೆ ಕಟ್ಟಿದ ತೋರಣವಲ್ಲ. ಚಳವಳಿ ಉಸಿರಾಡುವುದೇ ಅದರಿಂದ.

ಆದರೆ ಇಂತಹ ಕೂಟಗಳಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆ? ಎಡಗೈ ಕುಲುಕುತ್ತಾರೆ. ಸ್ಕಾರ್ಫು, ಬ್ಯಾಡ್ಜು ಬದಲಾಯಿಸಿಕೊಳ್ಳುತ್ತಾರೆ. ಬೆಂಕಿಯ ಸುತ್ತ ಕುಳಿತು ತಂತಮ್ಮ ದೇಶದ ಹಾಡು ಹೇಳುತ್ತಾರೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಪರದೇಶದವನ ಮುಖ ನೋಡಿ ನಕ್ಕವನು ನಾಳೆ ಅವನ ಮೇಲೆ ಬಂದೂಕು ಎತ್ತುವ ಮುನ್ನ ಒಮ್ಮೆ ಯೋಚಿಸುತ್ತಾನೆ. ಆದರೆ ಮಾತು ಅಲ್ಲಿಗೇ ನಿಂತರೆ ಬಂದವರು ಬಂದಂತೆಯೇ ಹಿಂದಿರುಗುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ದೇಶದಲ್ಲಿ ದಳದ ಬಾಗಿಲ ಹೊರಗೆ ನಿಂತಿರುವ ಮಗು ಯಾರದು? ಅದನ್ನು ಒಳಗೆ ಕರೆಯಲು ನೀವು ಏನು ಮಾಡಿದಿರಿ?

ಈ ಪ್ರಶ್ನೆ ನಾವು ಹೊರಗಿನಿಂದ ತಂದು ಹಚ್ಚಿದುದಲ್ಲ. ಚಳವಳಿಯ ಮೊದಲ ದಿನವೇ ಇದು ಇತ್ತು. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದರು. ಅರ್ಧದಷ್ಟು ಮಂದಿ ಸಿರಿವಂತರ ಶಾಲೆಗಳ ಹುಡುಗರು; ಉಳಿದವರು ಪೂಲ್, ಬೋರ್ನ್‌ಮತ್ ಊರುಗಳ ದುಡಿಯುವ ಮನೆತನದವರು. ಶಿಬಿರದ ಶುಲ್ಕ ಮನೆಯ ಸ್ಥಿತಿಗೆ ತಕ್ಕಂತೆ ಇತ್ತು. ಉಳ್ಳವರ ಹುಡುಗನಿಗೆ ಒಂದು ಪೌಂಡ್, ಅಂದರೆ 20 ಶಿಲಿಂಗ್. ಉಳಿದವರಿಗೆ ಮೂರೂವರೆ ಶಿಲಿಂಗ್. ಒಂದೇ ಡೇರೆ, ಒಂದೇ ಗಂಜಿ, ಒಂದೇ ಕೆಲಸ. ಈ ಲೆಕ್ಕವನ್ನು ನಮ್ಮ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮರುವರ್ಷ, 1908ರಲ್ಲಿ, ಅವರ ಪುಸ್ತಕ ಹದಿನೈದು ದಿನಕ್ಕೊಂದು ಕಂತಿನಂತೆ ನಾಲ್ಕು ಪೆನ್ನಿ ಬೆಲೆಗೆ ಮಾರಾಟವಾಯಿತು. ಹುಡುಗರು ಅದನ್ನು ಕೊಂಡು ಓದಿ, ಯಾರ ಅಪ್ಪಣೆಯನ್ನೂ ಕಾಯದೆ ತಾವೇ ಗುಂಪು ಕಟ್ಟಿಕೊಂಡು, ಅನಂತರ ದೊಡ್ಡವರನ್ನು ಹುಡುಕಿ ತಂದರು. ಅಗ್ಗದ ಪುಸ್ತಕ, ತಕ್ಕ ಶುಲ್ಕ, ಮಕ್ಕಳ ಸ್ವಂತ ಉತ್ಸಾಹ: ಆರಂಭ ಇಷ್ಟು ಚೆನ್ನಾಗಿತ್ತು.

ಹಾಗೆಂದು ಬೇಡನ್ ಪೊವೆಲ್ ಸಾಹೇಬರನ್ನು ದೇವರು ಮಾಡುವುದು ಬೇಡ. ಅವರು ಸಾಮ್ರಾಜ್ಯದ ಸೇನಾಪತಿ. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಮುತ್ತಿಗೆಯಲ್ಲಿ ಹೆಸರು ಪಡೆದವರು. ಹುಡುಗರನ್ನು ನಾಗರಿಕರನ್ನಾಗಿ ಬೆಳೆಸುತ್ತಿದ್ದೇವೆಯೋ, ನಾಳೆಯ ಸಿಪಾಯಿಗಳನ್ನಾಗಿಯೋ ಎಂಬ ಜಗಳ ಚಳವಳಿ ಹುಟ್ಟಿ ಎರಡು ವರ್ಷ ತುಂಬುವುದರೊಳಗೆ ಎದ್ದಿತು. 1909ರಲ್ಲಿ ಲಂಡನ್ನಿನ ಕಮಿಷನರ್ ಆಗಿದ್ದ ಸರ್ ಫ್ರಾನ್ಸಿಸ್ ವೇನ್, ಸೈನಿಕ ಛಾಯೆಯನ್ನೂ ಕೇಂದ್ರದ ಒಡೆತನವನ್ನೂ ಪ್ರಶ್ನಿಸಿ ಸ್ಥಾನ ಕಳೆದುಕೊಂಡರು. ಮೊದಲ ಮಹಾಯುದ್ಧವನ್ನು ಕಣ್ಣಾರೆ ಕಂಡು ಬಂದ ಜಾನ್ ಹಾರ್‌ಗ್ರೇವ್ 1920ರಲ್ಲಿ ಬೇರೆ ಸಂಘ ಕಟ್ಟಿದರು. 1925ರಲ್ಲಿ ಲೆಸ್ಲಿ ಪಾಲ್ ಎಂಬ ತರುಣ ಸಹಕಾರಿ ಸಂಘಗಳ ಬೆಂಬಲದಿಂದ ವುಡ್‌ಕ್ರಾಫ್ಟ್ ಫೋಕ್ ಸಂಘವನ್ನು ಸ್ಥಾಪಿಸಿದನು. ಅಲ್ಲಿ ಹುಡುಗರೂ ಹುಡುಗಿಯರೂ ಮೊದಲಿನಿಂದ ಕೂಡಿಯೇ ಇದ್ದರು. ಅದೇ ವರ್ಷ ಆಸ್ಟ್ರಿಯದಲ್ಲಿ ಆಂಟನ್ ಟೆಸಾರೆಕ್ ಕೆಲಸಗಾರರ ಮಕ್ಕಳಿಗಾಗಿ 'ಕೆಂಪು ಗಿಡುಗಗಳು' ಎಂಬ ಗುಂಪುಗಳನ್ನು ಕಟ್ಟಿದರು. ಇವರೆಲ್ಲ ಡೇರೆ, ಗಂಟು, ಕಾಡಿನ ನಡಿಗೆಗಳನ್ನು ತಿರಸ್ಕರಿಸಲಿಲ್ಲ. ಮಗು ಯಾರಿಗೆ ಸಲಾಮು ಹೊಡೆಯಬೇಕು ಎಂಬುದನ್ನಷ್ಟೇ ಪ್ರಶ್ನಿಸಿದರು. ಹಳೆಯ ಮನೆಯ ಬಾಗಿಲು ಇಕ್ಕಟ್ಟಾದರೆ ಜನ ಪಕ್ಕದಲ್ಲೇ ಹೊಸ ಗುಡಿಸಲು ಹಾಕಿಕೊಳ್ಳುತ್ತಾರೆ. ಕಾಲ ಕಳೆದ ಮೇಲೆ ಹಳೆಯ ಮನೆಯವರೇ ಅಲ್ಲಿಗೆ ಬಂದು ಇಣುಕಿ ನೋಡುತ್ತಾರೆ.

ನಮ್ಮ ದೇಶದ ಕಥೆಯೂ ಇದೇ. 1909ರಲ್ಲಿ ಭಾರತದ ಮೊದಲ ಸ್ಕೌಟು ದಳ ಆರಂಭವಾದುದು ನಮ್ಮ ಬೆಂಗಳೂರಿನಲ್ಲಿಯೇ. ಆದರೆ ಅದು ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ನರ ಹುಡುಗರಿಗೆ ಮಾತ್ರ. ಈ ನೆಲದ ಹುಡುಗ ಬೇಲಿಯ ಹೊರಗೆ ನಿಂತು ನೋಡಬೇಕಾಗಿತ್ತು. ಆಗ ಯಾರೂ ಲಂಡನ್ನಿನ ಅಪ್ಪಣೆಗೆ ಕಾಯುತ್ತ ಕೂರಲಿಲ್ಲ. ಮದ್ರಾಸಿನಲ್ಲಿ ಅನಿ ಬೆಸೆಂಟ್ ಮತ್ತು ಅರುಂಡೇಲ್ 1917ರಲ್ಲಿ ಭಾರತೀಯ ಹುಡುಗರ ಸಂಘ ಕಟ್ಟಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರು ಸೇವಾ ಸಮಿತಿಯ ಹೆಸರಿನಲ್ಲಿ ದಳಗಳನ್ನು ಬೆಳೆಸಿದರು. ಗಂಟು ಅದೇ, ಡೇರೆ ಅದೇ; ರಾಜನಿಗೆ ನಿಷ್ಠೆ ಎಂಬಲ್ಲಿ ದೇಶಕ್ಕೆ ಸೇವೆ ಎಂದಾಯಿತು. 1921ರಲ್ಲಿ ಬೇಡನ್ ಪೊವೆಲ್ ಇಲ್ಲಿಗೆ ಬಂದು ಹೋದ ಮೇಲೆ ಕೆಲವು ಸಂಘಗಳು ಕೂಡಿಕೊಂಡವು, ಕೆಲವು ಹೊರಗೇ ಉಳಿದವು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಹುಡುಗರ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. 1951ರಲ್ಲಿ ಗೈಡುಗಳೂ ಬಂದು ಸೇರಿದರು. ಬಾಗಿಲು ತಾನಾಗಿ ತೆರೆಯಲಿಲ್ಲ, ಹೊರಗಿದ್ದವರು ತಳ್ಳಿ ತೆರೆದರು.

ಇತರ ದೇಶಗಳಲ್ಲಿ ಈ ಬಾಗಿಲು ಇನ್ನೂ ಗಟ್ಟಿಯಾಗಿತ್ತು. ಲಂಡನ್ನಿನ ಬಳಿ ಗಿಲ್‌ವೆಲ್ ಎಂಬಲ್ಲಿ 1919ರಿಂದ ದಳನಾಯಕರಿಗೆ ತರಬೇತಿ ನಡೆಯುತ್ತಿದೆ. ಅದನ್ನು ಮುಗಿಸಿದವರು ಕೊರಳಲ್ಲಿ ಮರದ ಮಣಿಗಳನ್ನು ಧರಿಸುತ್ತಾರೆ. ಆ ಮಣಿಯ ಮೂಲ ಜುಲು ಅರಸ ದಿನಿಜುಲುವಿನ ಸರ. 1888ರ ದಂಡಯಾತ್ರೆಯಲ್ಲಿ ಬೇಡನ್ ಪೊವೆಲ್‌ರ ಕೈಸೇರಿತು ಎಂದು ಸ್ಕೌಟು ಇತಿಹಾಸವೇ ಹೇಳುತ್ತದೆ. ಇಂದು ಎಲ್ಲ ಖಂಡಗಳ ದಳನಾಯಕರ ಕೊರಳಲ್ಲಿ ಅದರ ನಕಲು ಇದೆ. ಆದರೆ ಆ ಅರಸನ ನಾಡಾದ ದಕ್ಷಿಣ ಆಫ್ರಿಕದಲ್ಲಿ 1936ರ ವ್ಯವಸ್ಥೆಯಂತೆ ಬಿಳಿಯರಿಗೆ ಒಂದು ಸಂಘ, ಆಫ್ರಿಕನ್ನರಿಗೆ ಒಂದು, ಮಿಶ್ರ ಜನಾಂಗದವರಿಗೆ ಒಂದು, ಭಾರತೀಯ ಸಂತತಿಯವರಿಗೆ ಒಂದು. ಅರಸನ ಸರ ಬೇಕು, ಅರಸನ ಮಕ್ಕಳ ಮಕ್ಕಳು ಪಕ್ಕದ ಡೇರೆಯಲ್ಲಿ ಬೇಡ! ವರ್ಣಭೇದದ ಸರಕಾರ ಇನ್ನೂ ಗದ್ದುಗೆಯಲ್ಲಿದ್ದಾಗಲೇ, 1977ರಲ್ಲಿ, ಅಲ್ಲಿನ ಸ್ಕೌಟು ಮುಂದಾಳುಗಳು ಈ ನಾಲ್ಕನ್ನೂ ಒಂದು ಮಾಡಿದರು. ಆ ದೇಶದಲ್ಲಿ ಎಲ್ಲರಿಗೂ ಮತದಾನ ದೊರೆತುದು 1994ರಲ್ಲಿ. ಸರಕಾರಕ್ಕಿಂತ ಹದಿನೇಳು ವರ್ಷ ಮೊದಲೇ ಸ್ವಯಂಸೇವಕರು ಅಲ್ಲಿಗೆ ತಲುಪಿದರು. ಈ ಮಾತನ್ನು ನಾವು ಮರೆಯಬಾರದು.

ಇನ್ನು ಸರಕಾರಗಳು ಈ ಚಳವಳಿಯನ್ನು ನಡೆಸಿಕೊಂಡ ಬಗೆ. ಜರ್ಮನಿಯಲ್ಲಿ 1933ರ ನಂತರ ಹಿಟ್ಲರನು ಸ್ಕೌಟು ದಳಗಳನ್ನು ಮುಚ್ಚಿ ಮಕ್ಕಳನ್ನು ತನ್ನ ಪಡೆಗೆ ಎಳೆದುಕೊಂಡನು. ಸೋವಿಯತ್ ದೇಶವು 1922ರಲ್ಲಿ ಪಯೊನೀರ್ ಸಂಘ ಕಟ್ಟಿ, 'ಸದಾ ಸಿದ್ಧ' ಎಂಬ ಧ್ಯೇಯವಾಕ್ಯವನ್ನು ಸ್ಕೌಟಿನಿಂದ ತೆಗೆದುಕೊಂಡು, ಸ್ಕೌಟನ್ನೇ ನಿಷೇಧಿಸಿತು. ಅಲ್ಜೀರಿಯದಲ್ಲಿ ಮುಸ್ಲಿಂ ಸ್ಕೌಟು ಸಂಘ ಕಟ್ಟಿದ ಮೊಹಮ್ಮದ್ ಬೂರಾಸ್‌ರನ್ನು ಫ್ರೆಂಚ್ ಆಡಳಿತ 1941ರ ಮೇ ತಿಂಗಳಲ್ಲಿ ಗುಂಡಿಟ್ಟು ಕೊಂದಿತು. ಪೋಲೆಂಡಿನ ವಾರ್ಸಾದಲ್ಲಿ 1944ರ ದಂಗೆಯ ವೇಳೆ ಎಳೆಯ ಸ್ಕೌಟುಗಳು ಗುಂಡಿನ ಮಳೆಯ ನಡುವೆ ಅಂಚೆ ಹಂಚಿದರು. ಒಂದೇ ಹಗ್ಗ, ಒಂದೇ ಗಂಟು. ಒಬ್ಬನು ಅದರಿಂದ ಮಕ್ಕಳ ಕೈ ಕಟ್ಟಿದನು, ಇನ್ನೊಬ್ಬನು ಸೇತುವೆ ಕಟ್ಟಿದನು. ಹಗ್ಗ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ.

ಇಂದು ಹಗ್ಗ ಯಾರ ಕೈಯಲ್ಲಿದೆ? ದೇಶ ದೇಶಕ್ಕೂ ಇದು ಬೇರೆ. ಫ್ರಾನ್ಸಿನಲ್ಲಿ ಒಂದೇ ಸಂಘವಿಲ್ಲ. ಮತದ ಹೆಸರಿಲ್ಲದ ಸಂಘವೊಂದು 1911ರಿಂದ ಇದೆ. ಕ್ಯಾಥೊಲಿಕರದು 1920ರಿಂದ, ಯಹೂದ್ಯರದು 1923ರಿಂದ. ಪ್ರಾಟೆಸ್ಟಂಟರದೂ ಮುಸ್ಲಿಮರದೂ ಉಂಟು. ಇವೆಲ್ಲ ಒಂದು ಒಕ್ಕೂಟದಲ್ಲಿ ಕೂಡಿವೆ. ಇಂಡೊನೇಷ್ಯ ಇದಕ್ಕೆ ತದ್ವಿರುದ್ಧ. ಅಲ್ಲಿ ಸುಕರ್ಣೊ ಕಾಲದಲ್ಲಿ, 1961ರಲ್ಲಿ, ಹತ್ತಾರು ಸಂಘಗಳನ್ನು ಕೂಡಿಸಿ ಪ್ರಮುಕ ಎಂಬ ಒಂದೇ ಸಂಘ ಮಾಡಿದರು. 2013ರ ಪಠ್ಯಕ್ರಮದಲ್ಲಿ ಶಾಲೆಯ ಮಕ್ಕಳಿಗೆ ಅದನ್ನು ಕಡ್ಡಾಯ ಮಾಡಿ, 2024ರಲ್ಲಿ ಸೇರುವುದನ್ನು ಮಕ್ಕಳ ಇಚ್ಛೆಗೆ ಬಿಟ್ಟರು. ಅಮೆರಿಕದಲ್ಲಿ ದಳಕ್ಕೆ ಜಾಗ ಕೊಟ್ಟು ಸಾಕುವುದು ಚರ್ಚು, ಶಾಲೆ, ಕ್ಲಬ್ಬುಗಳು. 2019ರ ಕೊನೆಗೆ ಮಾರ್ಮನ್ ಚರ್ಚು ತನ್ನ ಕೈ ಹಿಂದಕ್ಕೆ ತೆಗೆದುಕೊಂಡಾಗ ಲಕ್ಷಾಂತರ ಹುಡುಗರು ಒಮ್ಮೆಗೇ ಹೊರಗೆ ಹೋದರು. ಒಂದೇ ಕಂಬದ ಮೇಲೆ ಚಪ್ಪರ ಹಾಕಿದರೆ ಆಗುವ ಗತಿ ಇದು. ಇಂಗ್ಲೆಂಡಿನಲ್ಲಿ ದಳ ಬೀದಿಗೆ ಸೇರಿದ್ದು. ಶಾಲೆ ಬಿಟ್ಟವನೂ ಬರಬಹುದು. ಆದರೆ ಸಂಜೆಯ ಹೊತ್ತು ಕೊಡುವ ದೊಡ್ಡವರು ಸಾಲದೆ ಅಲ್ಲಿ ಎಷ್ಟೋ ಮಕ್ಕಳು ಸರದಿಗಾಗಿ ಕಾಯುತ್ತಿದ್ದಾರೆ.

ನಮ್ಮಲ್ಲಿ ದಳ ಬಹುಮಟ್ಟಿಗೆ ಶಾಲೆಗೆ ಅಂಟಿಕೊಂಡಿದೆ. ಇದರಿಂದ ಒಂದು ಲಾಭ ಉಂಟು: ಮಾಸ್ತರರು ಸಿಗುತ್ತಾರೆ, ಮೈದಾನ ಸಿಗುತ್ತದೆ. ನಷ್ಟವೂ ಉಂಟು, ಅದು ದೊಡ್ಡದು. ಮನೆಯ ತಾಪತ್ರಯದಿಂದ ಶಾಲೆ ಬಿಟ್ಟ ಹುಡುಗನಿಗೆ ಅದೇ ದಿನ ದಳವೂ ತಪ್ಪುತ್ತದೆ. ಹದಿನಾಲ್ಕು ಹದಿನೈದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಅಂಗಡಿಯ ಗಲ್ಲೆಗೋ, ಗ್ಯಾರೇಜಿಗೋ ಹೋಗುವ ಹುಡುಗನಿಗೆ ಗೆಳೆಯರ ಗುಂಪು, ಆಟ, ಒಳ್ಳೆಯ ಹಿರಿಯನೊಬ್ಬನ ನೆರಳು ಎಲ್ಲರಿಗಿಂತ ಹೆಚ್ಚು ಬೇಕು. ಅವನಿಗೇ ಅದು ಇಲ್ಲ. ಶಾಲೆಯಲ್ಲಿ ಉಳಿದವನಿಗಾದರೂ ಸಮವಸ್ತ್ರ, ಸ್ಕಾರ್ಫು, ಬೂಟು, ಶಿಬಿರದ ಚಂದಾ ಎಂದು ಖರ್ಚಿನ ಪಟ್ಟಿ ಬರುತ್ತದೆ. ನಾವು ಪಾಠ ಹೇಳುತ್ತಿದ್ದ ದಿನಗಳಲ್ಲಿ ಇದನ್ನು ಕಂಡಿದ್ದೇವೆ: ಪಟ್ಟಿ ಮನೆಗೆ ಹೋದ ಮರುದಿನ ಕೆಲವರು ತಮಗೆ ಸ್ಕೌಟು ಇಷ್ಟವಿಲ್ಲ ಎಂದು ಹೇಳುತ್ತಿದ್ದರು. ಇಷ್ಟ ಇಲ್ಲದೆ ಇರುತ್ತದೆಯೇ? ಅಪ್ಪನ ಜೇಬು ಬಲ್ಲ ಮಕ್ಕಳು ಹೇಳುವ ಸುಳ್ಳು ಅದು. ಬ್ರೌನ್‌ಸೀ ದ್ವೀಪದ ಮೂರೂವರೆ ಶಿಲಿಂಗಿನ ಲೆಕ್ಕವನ್ನು ಇಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ.

ದೇಶಗಳು ಒಂದನ್ನೊಂದು ನೋಡಿ ಕಲಿಯಬಹುದು ಎಂಬುದಕ್ಕೆ ಹೆಣ್ಣುಮಕ್ಕಳ ವಿಷಯವೇ ಸಾಕ್ಷಿ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನ ಮೇಳಕ್ಕೆ ಹುಡುಗಿಯರು ಕರೆಯದೆಯೇ ಬಂದು ನಾವೂ ಸ್ಕೌಟುಗಳೇ ಎಂದು ನಿಂತರು. ಅವರಿಗಾಗಿ 1910ರಲ್ಲಿ ಗೈಡು ಸಂಘ ಬೇರೆಯಾಗಿ ಹುಟ್ಟಿತು. ಸ್ವೀಡನ್ನಿನಲ್ಲಿ 1960ರಲ್ಲೇ ಹುಡುಗರ ಮತ್ತು ಹುಡುಗಿಯರ ಸಂಘಗಳು ಕೂಡಿ ಒಂದಾದವು. ಬ್ರಿಟನ್ನಿನ ಸ್ಕೌಟು ಸಂಘ 1976ರಲ್ಲಿ ಹಿರಿಯ ವಿಭಾಗಕ್ಕೆ ಹುಡುಗಿಯರನ್ನು ಸೇರಿಸಿಕೊಂಡಿತು, 1991ರಲ್ಲಿ ಎಲ್ಲ ವಿಭಾಗಗಳನ್ನೂ ತೆರೆಯಿತು. ಅಮೆರಿಕದ ಹುಡುಗರ ಸಂಘ ತನ್ನ ಮುಖ್ಯ ದಳಗಳಿಗೆ ಹುಡುಗಿಯರನ್ನು ಸೇರಿಸಿದುದು 2019ರಲ್ಲಿ. ನೂರ ಹತ್ತು ವರ್ಷ! ದೊಡ್ಡ ದೇಶ, ಹಣವಂತ ದೇಶ ಎಂದ ಮಾತ್ರಕ್ಕೆ ಮುಂದೆ ಇರುತ್ತದೆ ಎಂದು ತಿಳಿಯಬಾರದು.

ಪ್ರತಿಜ್ಞೆಯ ವಿಷಯವೂ ಹಾಗೆಯೇ. ದೇವರಿಗೆ ಕರ್ತವ್ಯ ಸಲ್ಲಿಸುತ್ತೇನೆ ಎಂದು ಹೇಳಲಾರದ ಮನೆಯ ಮಗು ಏನು ಮಾಡಬೇಕು? ಬ್ರಿಟನ್ನು ಇದಕ್ಕೆ ಬೇರೆ ಮಾತಿನ ಪ್ರತಿಜ್ಞೆಯನ್ನು 2014ರಲ್ಲಿ ತಂದಿತು. ನಮ್ಮ ಭಾರತದ ಪ್ರತಿಜ್ಞೆಯಲ್ಲಾದರೋ ದೇವರು ಎಂಬಲ್ಲಿ ಇಷ್ಟವಿದ್ದವರು ಧರ್ಮ ಎಂದು ಹೇಳಬಹುದು ಎಂಬ ಅವಕಾಶವಿದೆ. ಅನೇಕ ಮತಗಳ ನಾಡು ಜಗಳವಿಲ್ಲದೆ ಕಂಡುಕೊಂಡ ದಾರಿ ಅದು. ಪರದೇಶದವರಿಂದ ನಾವು ಕಲಿಯುವುದಷ್ಟೇ ಅಲ್ಲ, ಅವರಿಗೆ ಕಲಿಸತಕ್ಕ ಮಾತೂ ನಮ್ಮ ಬಳಿ ಇದೆ.

ಈಗ ಹೇಳತಕ್ಕ ಮಾತು ಕಹಿಯಾದುದು. ಆದರೆ ಹೆತ್ತವರಿಗೆ ಇದು ಗೊತ್ತಿರಲೇಬೇಕು. ಅಮೆರಿಕದ ಸ್ಕೌಟು ಸಂಘ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಬಾಲ್ಯದಲ್ಲಿ ದಳನಾಯಕರಿಂದ ಲೈಂಗಿಕ ಹಿಂಸೆ ಅನುಭವಿಸಿದೆವು ಎಂದು 82,000ಕ್ಕೂ ಹೆಚ್ಚು ಮಂದಿ ಪರಿಹಾರ ಕೇಳಿದ್ದರು. ಪರಿಹಾರದ ಮೊತ್ತ ಸುಮಾರು 246 ಕೋಟಿ ಡಾಲರ್ ಎಂದು ಗೊತ್ತಾಯಿತು. ಕೆಟ್ಟವರೆಂದು ಅನುಮಾನ ಬಂದವರ ಕಡತಗಳನ್ನು ಆ ಸಂಘ ದಶಕಗಳ ಕಾಲ ಗುಟ್ಟಾಗಿ ಇಟ್ಟಿತ್ತು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಕಡತಗಳು ನ್ಯಾಯಾಲಯದ ಆದೇಶದಿಂದ 2012ರಲ್ಲಿ ಬೆಳಕಿಗೆ ಬಂದವು. ಸಂಘದ ಹೆಸರು ಉಳಿಯಲೆಂದು ಮಕ್ಕಳನ್ನು ಬಲಿ ಕೊಟ್ಟರು. ಕಡೆಗೆ ಹೆಸರೂ ಉಳಿಯಲಿಲ್ಲ.

ಇದನ್ನು ಕೇಳಿ, ಅದು ಆ ದೇಶದ ಕಥೆ, ನಮ್ಮಲ್ಲಿ ಹಾಗಿಲ್ಲ ಎಂದು ಹೇಳುವವರನ್ನು ನಾವು ನಂಬುವುದಿಲ್ಲ. ಮಕ್ಕಳು ಇರುವ ಕಡೆಯೆಲ್ಲ, ಶಾಲೆಯಿರಲಿ, ಮಠವಿರಲಿ, ಆಟದ ಸಂಘವಿರಲಿ, ಈ ಅಪಾಯ ಇದ್ದೇ ಇದೆ. ಸ್ವಯಂಸೇವಕ ಎಂದ ಮಾತ್ರಕ್ಕೆ ಅವನು ಸಜ್ಜನ ಎಂದಾಗುವುದಿಲ್ಲ. ಕಷ್ಟಪಟ್ಟು ಕಲಿತ ಪಾಠದಿಂದ ಅನೇಕ ದೇಶಗಳು ಈಗ ಸರಳವಾದ ಕಟ್ಟುಪಾಡು ಮಾಡಿಕೊಂಡಿವೆ: ದೊಡ್ಡವನೊಬ್ಬ ಮಗುವಿನೊಡನೆ ಎಂದೂ ಒಂಟಿಯಾಗಿ ಇರಬಾರದು, ಶಿಬಿರವೆಂದರೆ ಕನಿಷ್ಠ ಇಬ್ಬರು ದೊಡ್ಡವರು, ಮಗು ಮಲಗುವ ಡೇರೆಯಲ್ಲಿ ದೊಡ್ಡವರು ಮಲಗಬಾರದು, ದೂರು ಬಂದರೆ ಮುಚ್ಚಿಡದೆ ತಿಳಿಸಬೇಕಾದವರಿಗೆ ತಿಳಿಸಬೇಕು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಬೇರೆ ದೇಶದ ದಳನಾಯಕನನ್ನು ಕಂಡಾಗ ಮೊದಲು ಕೇಳಿ ತಿಳಿಯಬೇಕಾದುದು ಇದನ್ನು. ಒಳ್ಳೆಯ ದಳನಾಯಕ ಇದರಿಂದ ಮುನಿಸಿಕೊಳ್ಳುವುದಿಲ್ಲ.

ಇನ್ನು ಹಣದ ಮಾತು. 2023ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯದ ಸೆಮಾಂಗಂ ಎಂಬಲ್ಲಿ ಜಾಗತಿಕ ಜಾಂಬೂರಿ ನಡೆಯಿತು. ಸುಮಾರು 43,000 ಮಂದಿ ಸೇರಿದ್ದರು. ಸಮುದ್ರವನ್ನು ತಡೆದು ಮಾಡಿದ ಬಯಲು. ನೆರಳಿಲ್ಲ, ನೀರು ಹರಿದು ಹೋಗುವುದಿಲ್ಲ, ಶೌಚಾಲಯ ಗಬ್ಬೆದ್ದಿತು, ಬಿಸಿಲಿಗೆ ನೂರಾರು ಮಕ್ಕಳು ಕಾಯಿಲೆ ಬಿದ್ದರು. ಬ್ರಿಟನ್ನಿನ ಸುಮಾರು 4,500 ಮಂದಿಯನ್ನು ಅವರ ಮುಂದಾಳುಗಳು ಸೋಲ್ ನಗರದ ಹೋಟೆಲುಗಳಿಗೆ ಸಾಗಿಸಿದರು, ಅಮೆರಿಕದವರೂ ಹೊರಟರು. ಬ್ರಿಟನ್ನಿನ ಸಂಘಕ್ಕೆ ಇದರಿಂದ 10 ಲಕ್ಷ ಪೌಂಡಿಗೂ ಹೆಚ್ಚು ಖರ್ಚು ಬಿತ್ತು. ಕಡೆಗೆ ಚಂಡಮಾರುತ ಬರುವ ಸುದ್ದಿ ತಿಳಿದು ಎಲ್ಲರನ್ನೂ ಬಯಲಿನಿಂದ ಎಬ್ಬಿಸಬೇಕಾಯಿತು. ಹೋಟೆಲಿಗೆ ಹೋಗಲು ದುಡ್ಡಿದ್ದವರು ಮೊದಲು ಹೋದರು. ಇಲ್ಲದವರು ಚಂಡಮಾರುತ ಬರುವವರೆಗೆ ಬಿಸಿಲಿನಲ್ಲಿ ಉಳಿದರು. ಒಂದೇ ಡೇರೆ, ಒಂದೇ ಗಂಜಿ ಎಂದು ಆರಂಭವಾದ ಚಳವಳಿ ಎಲ್ಲಿಗೆ ಬಂತು ನೋಡಿ.

ದೊಡ್ಡ ಮೇಳಗಳೇ ಬೇಡವೆಂದು ನಮ್ಮ ವಾದವಲ್ಲ. 2022ರ ಡಿಸೆಂಬರಿನಲ್ಲಿ ನಮ್ಮ ಮೂಡುಬಿದಿರೆಯಲ್ಲಿಯೇ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದು ಸಾವಿರಾರು ಮಕ್ಕಳು ಕಂಡು ಸಂತೋಷಪಟ್ಟರು. ಆದರೆ ದೇಶ ದೇಶಗಳ ಮಾತುಕತೆಗೆ ವಿಮಾನದ ಟಿಕೀಟೇ ಬೇಕೆಂದಿಲ್ಲ. ಸ್ಕೌಟಿಗೆ 50 ವರ್ಷ ತುಂಬಿದ 1957ರಲ್ಲಿ ಹವ್ಯಾಸಿ ರೇಡಿಯೊದ ಮೂಲಕ 'ಗಾಳಿಯ ಜಾಂಬೂರಿ' ಎಂಬ ಯೋಚನೆ ಹುಟ್ಟಿತು. ಪ್ರತಿ ಅಕ್ಟೋಬರಿನಲ್ಲಿ ಅದು ಈಗಲೂ ನಡೆಯುತ್ತದೆ, ಅಂತರ್ಜಾಲವೂ ಜೊತೆಗೂಡಿದೆ. ಪುಣೆಯಲ್ಲಿ 1966ರಿಂದ ಸಂಗಮ್ ಎಂಬ ಗೈಡುಗಳ ವಿಶ್ವಕೇಂದ್ರವಿದೆ. ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿ. ನಾನಾ ದೇಶದ ಗೈಡು ಮುಂದಾಳುಗಳು ಅಲ್ಲಿಗೆ ಬರುತ್ತಾರೆ. ನಮ್ಮ ಊರಿನ ಗೈಡು ಅಧ್ಯಾಪಿನಿಯೊಬ್ಬರು ಅಲ್ಲಿ ಒಂದು ವಾರ ಕಳೆದು ಬಂದರೆ ದೊಡ್ಡ ಸಮ್ಮೇಳನಕ್ಕೆ ಹೋದವರಿಗಿಂತ ಹೆಚ್ಚು ತಿಳಿದು ಬಂದಾರು.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಹಿಡಿಸುವಂತಹುದು. ಜಾಗತಿಕ ಸಮ್ಮೇಳನದಲ್ಲಿ ಪ್ರತಿ ದೇಶಕ್ಕೂ ಆರೇ ಮತ. ಕೋಟಿಗಟ್ಟಲೆ ಸದಸ್ಯರಿರುವ ಇಂಡೊನೇಷ್ಯಕ್ಕೂ ಆರು, ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲದ ಲಿಕ್ಟೆನ್‌ಸ್ಟೈನಿಗೂ ಆರು, ಹಣವಂತ ಅಮೆರಿಕಕ್ಕೂ ಆರು. ದುಡ್ಡಿನ ತೂಕಕ್ಕೆ ಮತವಿಲ್ಲ. ಬಡ ದೇಶಗಳ ಪ್ರತಿನಿಧಿಗಳು ಒಗ್ಗಟ್ಟಾಗಿ ಕೇಳಿದರೆ ಬಾಗಿಲು ಅಗಲವಾಗಲೇಬೇಕು. ಕೇಳುವ ಬಾಯಿ ಬೇಕು, ಅಷ್ಟೇ.

ಸ್ಕೌಟು ಎಂದರೆ ಮಂತ್ರಿಗಳು ಬಂದಾಗ ಸಾಲಾಗಿ ನಿಲ್ಲುವುದು, ಅದು ಉಳ್ಳವರ ಮಕ್ಕಳ ಆಟ, ನಮಗೇತಕ್ಕೆ ಎಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಒಳಗಿನ ವಸ್ತುವನ್ನು ನೋಡಿ. ಆರೆಂಟು ಮಕ್ಕಳ ಪಡೆ, ಅದಕ್ಕೆ ತಮ್ಮಲ್ಲೇ ಒಬ್ಬ ನಾಯಕ, ಕೆಲಸ ಹಂಚಿಕೊಳ್ಳುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಈಜುವುದು, ನಕ್ಷೆ ಓದುವುದು, ಅಡಿಗೆ ಮಾಡುವುದು, ನೆರೆ ಬಂದಾಗ ನೆರವಾಗುವುದು. ಹುಡುಗನೂ ಸೌಟು ಹಿಡಿಯುತ್ತಾನೆ, ಹುಡುಗಿಯೂ ಡೇರೆ ಹೂಡುತ್ತಾಳೆ. ಹತ್ತು ಜನ ಕೂತು ತೀರ್ಮಾನ ಮಾಡಿ ಆ ತೀರ್ಮಾನಕ್ಕೆ ಬದ್ಧರಾಗಿ ನಡೆಯುವುದನ್ನು ಚಿಕ್ಕಂದಿನಲ್ಲೇ ಕಲಿತವನು ನಾಳೆ ಕಾರ್ಮಿಕ ಸಂಘದಲ್ಲೂ, ವರ್ತಕರ ಸಂಘದಲ್ಲೂ, ಪಂಚಾಯಿತಿಯಲ್ಲೂ ತಲೆಯೆತ್ತಿ ಮಾತನಾಡುತ್ತಾನೆ. ಇಂತಹ ವಿದ್ಯೆಯನ್ನು ಉಳ್ಳವರಿಗೇ ಬಿಟ್ಟುಕೊಟ್ಟು ಸುಮ್ಮನಿರುವುದು ಜಾಣತನವಲ್ಲ.

ಆದುದರಿಂದ, ಹೊರನಾಡಿನ ಕೂಟಗಳಿಗೆ ಹೋಗಿಬರುವ ನಮ್ಮ ಮುಂದಾಳುಗಳಿಗೆ ನಾವು ನಾಲ್ಕು ಮಾತು ಕೇಳುತ್ತೇವೆ. ಶಾಲೆ ಬಿಟ್ಟ ಮಗುವನ್ನು ಬೇರೆ ದೇಶದವರು ಹೇಗೆ ಸೇರಿಸಿಕೊಂಡಿದ್ದಾರೆ ಎಂದು ಕೇಳಿ ಬಂದಿರಾ? ಬಡವನ ಮಗುವಿನ ಸಮವಸ್ತ್ರದ ಖರ್ಚನ್ನು ಯಾರು ಹೊರುತ್ತಾರೆ, ಶುಲ್ಕವನ್ನು ಮನೆಯ ಸ್ಥಿತಿಗೆ ತಕ್ಕಂತೆ ಹೇಗೆ ಗೊತ್ತು ಮಾಡುತ್ತಾರೆ ಎಂದು ಕೇಳಿದಿರಾ? ಮಕ್ಕಳ ರಕ್ಷಣೆಯ ಕಟ್ಟುಪಾಡುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತಂದೆತಾಯಿಗಳ ಕೈಗೆ ಕೊಟ್ಟಿರಾ? ಪಾಳಿಯಲ್ಲಿ ದುಡಿಯುವ ಗಂಡಸರೂ ಹೆಂಗಸರೂ ದಳ ನಡೆಸಲು ಬರುವಂತೆ ಹೊತ್ತನ್ನು ಹೊಂದಿಸಿದಿರಾ? ಹೋಗಿ ಬಂದವರು ಪಟ ತೋರಿಸಿದರೆ ಸಾಲದು. ಊರಿನ ಬಯಲಿನಲ್ಲಿ ಕೂತು ಈ ನಾಲ್ಕಕ್ಕೆ ಉತ್ತರ ಹೇಳಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಅಂಗಡಿಯವರು ಮಾಳಿಗೆಯ ಕೋಣೆಯನ್ನು ವಾರಕ್ಕೊಂದು ಸಂಜೆ ಬಿಟ್ಟುಕೊಡಬಹುದು. ಬಟ್ಟೆ ವ್ಯಾಪಾರಿಗಳು ತಾನಿನ ಕೊನೆಯ ತುಂಡುಗಳನ್ನು ಸ್ಕಾರ್ಫಿಗೆ ಕೊಡಬಹುದು. ದರ್ಜಿಗಳು ಹಳೆಯ ಸಮವಸ್ತ್ರವನ್ನು ಕಿರಿಯನ ಅಳತೆಗೆ ಸರಿಮಾಡಿ ಕೊಡಬಹುದು. ಗಿರಣಿಯ ಗೆಳೆಯರು ವಾರದ ರಜೆಯಲ್ಲಿ ಎರಡು ಗಂಟೆ ಕೊಡಬಹುದು. ಹಗ್ಗದ ಗಂಟು, ಯಂತ್ರದ ಎಣ್ಣೆ, ಸುಟ್ಟ ಗಾಯದ ಉಪಚಾರ ಇವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಇಬ್ಬರಿಬ್ಬರಾಗಿಯೇ ಬನ್ನಿ, ಬಾಗಿಲು ತೆರೆದೇ ಇರಲಿ, ಹೆತ್ತವರು ಬಂದು ನೋಡಲಿ.

ದಕ್ಷಿಣ ಆಫ್ರಿಕದ ಸ್ವಯಂಸೇವಕರು ತಮ್ಮ ಸರಕಾರಕ್ಕಾಗಿ ಕಾಯಲಿಲ್ಲ. ಮದ್ರಾಸಿನವರು, ಅಲಹಾಬಾದಿನವರು ಲಂಡನ್ನಿಗಾಗಿ ಕಾಯಲಿಲ್ಲ. ನಮ್ಮ ಕೇರಿಯ ಮಕ್ಕಳಿಗೆ ಒಂದು ದಳ ಕಟ್ಟಲು ನಾವು ಕೈರೋದ ತೀರ್ಮಾನಕ್ಕೂ ಬೆಂಗಳೂರಿನ ಸುತ್ತೋಲೆಗೂ ಕಾಯಬೇಕಾಗಿಲ್ಲ. ನಿಯಮದಂತೆ ನೋಂದಾಯಿಸಿ ಕೆಲಸ ಆರಂಭಿಸೋಣ. ಮುಂದಿನ ಸಲ ಜಗತ್ತಿನ ಮುಂದಾಳುಗಳು ಸೇರಿ, ನಿಮ್ಮಲ್ಲಿ ಬಾಗಿಲ ಹೊರಗೆ ನಿಂತ ಮಗು ಯಾರದು ಎಂದು ಕೇಳಿಕೊಂಡಾಗ, ಈ ಊರಿನಿಂದ ಹೇಳಿಕಳಿಸಲು ನಮಗೂ ಒಂದು ಉತ್ತರ ಇರಲಿ.